ಹಗರಿ ಉಸುಕಿಗೆ ಎಂಥ ಟೈರು ಬೇಕು?

ಹಗರಿ ದಂಡೆಯ ಊರುಗಳಲ್ಲಿ ಹುಟ್ಟಿದವರಿಗೆ ಉಸುಕಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಆಷಾಢದ ಗಾಳಿ ಎದ್ದಿತೆಂದರೆ ಮುದ್ದೆಯೊಳಗೆ ಉಸುಕು, ಹಾಸಿಗೆಯೊಳಗೆ ಉಸುಕು, ತೊಟ್ಟಿಲಲ್ಲಿ ಮಲಗಿದ ಕೂಸಿನ ಕಣ್ಣೊಳಗೂ ಉಸುಕು. ಕಡೂರು ಸೀಮೆಯಿಂದ ವೇದಾವತಿ ಎಂಬ ದೊಡ್ಡ ಹೆಸರು ಹೊತ್ತು ಹೊರಟ ಹೊಳೆ ವಾಣಿವಿಲಾಸ ಸಾಗರ ದಾಟಿ, ಭೈರವಾನಿತಿಪ್ಪದ ಅಣೆಕಟ್ಟೆ ದಾಟಿ ನಮ್ಮ ರಾಯದುರ್ಗದ ಕಡೆ ಬರುತ್ತದೆ. ಮುಂದೆ ಬಳ್ಳಾರಿ ಜಿಲ್ಲೆಗೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ನಮ್ಮ ಬಾಯಲ್ಲಿ ಅದು ಬರೀ ಹಗರಿ. 1933ರ ಮೇಲೆ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ವರ್ಷ ನಾವೂ ಹೊಳೆಯಲ್ಲಿ ನೀರು ಕಂಡೆವು. ಮಿಕ್ಕ ವರ್ಷಗಳಲ್ಲಿ ಬಹಳ ಮಟ್ಟಿಗೆ ನಾವು ಕಾಣೋದು ಉಸುಕನ್ನೇ. ಕಣೇಕಲ್ಲು, ಬೊಮ್ಮನಹಾಳು ಮಂಡಲಗಳಲ್ಲಿ ಹೊಳೆಯಿಂದ ಎದ್ದ ಉಸುಕು ಹೊಲಗಳ ಮೇಲೆ ದಿಬ್ಬ ದಿಬ್ಬವಾಗಿ ಕೂತಿದೆ.

1953ರಲ್ಲಿ ಆಂಧ್ರ ರಾಜ್ಯವಾದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆ ಉಳಿದವು, ಬಳ್ಳಾರಿ ಆ ಕಡೆ ಹೋಯಿತು. ನಾವು ಕನ್ನಡದಲ್ಲಿ ಉಸುಕು ಅಂದರೆ ಪಕ್ಕದ ಮನೆಯವರು ತೆಲುಗಿನಲ್ಲಿ ಇಸುಕ ಅನ್ನುತ್ತಾರೆ. ಎರಡು ಮಾತಿನವರ ಕಾಲೂ ಅದರಲ್ಲಿ ಒಂದೇ ರೀತಿ ಹೂತುಕೊಳ್ಳುತ್ತದೆ. ಈ ಪುಟದಲ್ಲಿ ಹೆಚ್ಚಾಗಿ ಶಾಲೆ, ನಾಮಫಲಕ, ನೌಕರಿಗಳ ಮಾತು ಬರುತ್ತದೆ. ಅವು ಬರಲೇಬೇಕು. ಇವತ್ತು ನಾನು ಬರೆಯಹೊರಟಿರುವುದು ಮಾತ್ರ ಗಾಲಿಯ ಸಂಗತಿ. ಇದೂ ನಮ್ಮ ಬದುಕಿನ ಸಂಗತಿಯೇ ಅಂತ ಓದುಗರು ಕೊನೆಗೆ ಒಪ್ಪಿಯಾರು ಅಂದುಕೊಂಡಿದ್ದೇನೆ.

ನಮ್ಮ ತಂಗಿಯ ಹೊಲ ಹೊಳೆಯ ಆಚೆಗೆ. ನಡುವೆ ಹೆಚ್ಚು ಕಡಿಮೆ ಅರ್ಧ ಮೈಲಿ ಉಸುಕು. ಎಮ್ಮೆ ಕಟ್ಟಿರೋದು ಹೊಲದಲ್ಲಿ, ಹಾಲು ಹಾಕಬೇಕಾದ್ದು ಊರಲ್ಲಿ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಆಕೆ ಹಾಲಿನ ಕ್ಯಾನು ತಲೆ ಮೇಲೆ ಹೊತ್ತು ನಡೆದದ್ದು ಇಪ್ಪತ್ತು ವರ್ಷ. ಮೊಣಕಾಲು ಸವೆದು ಹೋಯಿತು. ಬೈಕು ಉಸುಕಿನಲ್ಲಿ ವಾಲುತ್ತದೆ. ಟ್ರ್ಯಾಕ್ಟರಿಗೆ ದಿನಾ ಎರಡು ಸಲ ಎಣ್ಣೆ ಸುಡುವಷ್ಟು ಹಾಲು ಇಲ್ಲ. ಹಿಂಗಿರುವಾಗ ಆಕೆಯ ಮಗ, ಅಂದರೆ ನನ್ನ ಅಳಿಯ, ಒಂದು ದಿನ ಲಗೇಜು ಆಟೋದಲ್ಲಿ ಒಂದು ನಾಲ್ಕು ಗಾಲಿ ಬೈಕು ಹೇರಿಕೊಂಡು ಬಂದ. ಎಟಿವಿ ಅಂತಾರೆ. ಪ್ರವಾಸಿಗಳನ್ನು ಕೂರಿಸಿ ಒಂದು ಸುತ್ತಿಗೆ ಇಷ್ಟು ಅಂತ ದುಡ್ಡು ತಗೊಳ್ಳೋರ ಹತ್ತಿರ ಇದ್ದದ್ದು, ಹಳೇದಾಯಿತು ಅಂತ ಮಾರಿದ್ದರು. 110 ಸಿಸಿ ಇಂಜಿನ್ನು. ಬೆಲೆ ಕಮ್ಮಿ, ಶಕ್ತಿಯೂ ಕಮ್ಮಿ. ಏಳು ಎಚ್‌ಪಿ ಇದ್ದರೆ ಹೆಚ್ಚು.

"ಮಾಮ, ಇನ್ನು ಮ್ಯಾಲೆ ಅವ್ವ ಕ್ಯಾನು ಹೊರೋದು ಬ್ಯಾಡ" ಅಂದ. ನನಗೆ ಕಣ್ಣು ತುಂಬಿ ಬಂತು.

ಬಂಡಿಯ ಹಳೇ ಟೈರು ಸವೆದು ಅರ್ಧ ಬೋಳಾಗಿದ್ದವು. ಹಿಂದಿನ ಒಂದು ಟೈರು ಒಡೆದಿತ್ತು. ಅಳಿಯ ಪಟ್ಟಣದ ಒಂದು ಅಂಗಡಿಗೆ ಹೋದ. ಅಂಗಡಿಯಾತ ತರಿಸಿಕೊಟ್ಟದ್ದು ಪ್ಯಾಡಲ್ ಟೈರು. ನೋಡಿಲ್ಲದವರಿಗೆ ಹೇಳುತ್ತೇನೆ: ಟೈರಿನ ಮೈಮೇಲೆ ಅಡ್ಡಡ್ಡಲಾಗಿ ಸಲಿಕೆಯ ಬಾಯಿಯಂಥ ಹಲಗೆಗಳು, ಒಂದೊಂದೂ ಇಂಚಿಗಿಂತ ಎತ್ತರ. "ಇದಿ ವೇಸ್ತೇ ಇಸುಕಲೋ ಪಡವಲಾ ಪೋತುಂದಿ" ಅಂದನಂತೆ. ಇದು ಹಾಕಿದರೆ ಉಸುಕಿನಲ್ಲಿ ದೋಣಿ ಹೋದಂಗೆ ಹೋಗ್ತದೆ ಅಂತ. ಮೊದಲಿದ್ದದ್ದಕ್ಕಿಂತ ಎರಡು ಇಂಚು ಎತ್ತರದ್ದು. ಎರಡು ಟೈರಿಗೆ ಏಳು ಮೂಟೆ ಡಿಎಪಿಯ ದುಡ್ಡು ಹೋಯಿತು.

ಮೊದಲ ದಿನವೇ ದೋಣಿ ಮುಳುಗಿತು. ಹೊಳೆಯ ನಡುವೆ ಹಿಂದಿನ ಗಾಲಿ ನಾಯಿ ಕುಣಿ ತೋಡಿದಂಗೆ ತೋಡಿಕೊಂಡು ಆಕ್ಸಲ್‌ವರೆಗೂ ಇಳಿಯಿತು. ಆಕ್ಸಿಲೇಟರು ತಿರುವಿದಷ್ಟೂ ಇಂಜಿನ್ನು ಉಬ್ಬಸದಿಂದ ಏಗಿತು. ಎಂಟು ದಿನ ಹಿಂಗೇ ಒದ್ದಾಡಿದ. ಒಂಬತ್ತನೇ ದಿನ ಕ್ಲಚ್ಚು ಸುಟ್ಟ ವಾಸನೆ ಬಂತು. ದಂಡೆ ಹತ್ತುವಾಗ ಒಮ್ಮೆ ಮುಂದಿನ ಗಾಲಿ ಮೇಲೆದ್ದು ಹುಡುಗ ಹಿಂದಕ್ಕೆ ಬಿದ್ದ. ಉಸುಕಾದ್ದರಿಂದ ಬೆನ್ನು ಉಳಿಯಿತು. ತಂಗಿ ಮತ್ತೆ ಕ್ಯಾನು ತಲೆಗೇರಿಸಿದಳು.

ಗದ್ದೆಯ ಬುದ್ಧಿ

ನನ್ನ ಅಭಿಪ್ರಾಯ ಇಷ್ಟೇ: ಶಕ್ತಿ ಕಮ್ಮಿ ಇರುವ ಬಂಡಿಗೆ ಉಸುಕಿನಲ್ಲಿ ಬೇಕಾದ್ದು ಅಗಲವಾದ, ಮೆತ್ತನೆಯ, ಹಗುರಾದ ಟೈರು. ಎತ್ತರದ್ದೂ ಬೇಡ, ಆಳದ ಹಲ್ಲೂ ಬೇಡ. ಅಂಗಡಿಯಲ್ಲಿ ಯಾವುದು ಭಯಂಕರವಾಗಿ ಕಾಣುತ್ತದೋ ಅದನ್ನೇ ನಾವು ಒಳ್ಳೇದು ಅಂದುಕೊಳ್ಳುತ್ತೇವೆ. ಮೋಸ ಹೋಗುವುದು ಅಲ್ಲೇ.

ಈ ತಪ್ಪು ತಿಳುವಳಿಕೆ ನಮಗೆ ಬಂದದ್ದು ಗದ್ದೆಯಿಂದ. ತುಂಗಭದ್ರಾ ಮೇಲ್ಮಟ್ಟದ ಕಾಲುವೆ ಬಂದ ಮೇಲೆ ನಮ್ಮಲ್ಲೂ ಭತ್ತದ ಗದ್ದೆಗಳಾದವು. ಕೆಸರಿನಲ್ಲಿ ಟ್ರ್ಯಾಕ್ಟರಿಗೆ ಎತ್ತರದ ಹಲ್ಲಿನ ಟೈರು ಹಾಕುತ್ತೇವೆ, ಕಬ್ಬಿಣದ ಕೇಜ್ ವೀಲು ಕಟ್ಟುತ್ತೇವೆ. ಅಲ್ಲಿ ಅದು ಸರಿ. ಯಾಕೆಂದರೆ ಕೆಸರಿನ ಅಡಿಗೆ ಗಟ್ಟಿ ನೆಲ ಉಂಟು. ಹಲ್ಲು ಕೆಸರನ್ನು ಸೀಳಿ ಆ ಗಟ್ಟಿಯನ್ನು ಹಿಡಿಯುತ್ತದೆ. ಉಸುಕಿನ ಕೆಳಗೆ ಏನಿದೆ? ಮತ್ತೆ ಉಸುಕು. ಅದರ ಕೆಳಗೂ ಉಸುಕು. ಹಲ್ಲು ಎಷ್ಟು ಇಳಿದರೂ ಹಿಡಿಯಲು ಏನೂ ಸಿಗದು. ಆದ್ದರಿಂದ ಉಸುಕಿನಲ್ಲಿ ಇಳಿಯದೆ ಮೇಲೇ ಹೋಗುವುದೇ ಜಾಣತನ.

ಹಾಗಾದರೆ ಪ್ಯಾಡಲ್ ಟೈರು ಮಾಡಿದವರು ದಡ್ಡರೇ? ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಪೀರಿಯಲ್ ದಿಬ್ಬಗಳು ಅಂತ ಇವೆ. ಅಲ್ಲಿ 450, 700 ಸಿಸಿ ಬಂಡಿಗಳಿಗೆ ಆ ಟೈರು ಹಾಕಿ ದಿಬ್ಬ ಹಾರಿಸುತ್ತಾರೆ. ಆ ಸಲಿಕೆಗಳು ಉಸುಕನ್ನು ಹಿಂದಕ್ಕೆ ಎಸೆಯುತ್ತವೆ, ಎಸೆದ ಬಲದಿಂದ ಬಂಡಿ ಮುಂದಕ್ಕೆ ಹೋಗುತ್ತದೆ. ಆದರೆ ಸಲಿಕೆಯಿಂದ ಉಸುಕು ಎಸೆಯಲು ತೋಳಲ್ಲಿ ಬಲ ಬೇಕಲ್ಲ! ದೊಡ್ಡ ಇಂಜಿನ್ನು ಆ ಗಾಲಿಯನ್ನು ಜೋರಾಗಿ ತಿರುಗಿಸುತ್ತದೆ. ನಮ್ಮ ಏಳು ಎಚ್‌ಪಿಯ ಬಡಪಾಯಿ ಇಂಜಿನ್ನು ಆ ವೇಗ ಮುಟ್ಟುವುದರೊಳಗೇ ದಣಿಯುತ್ತದೆ. ಎಂಟು ವರ್ಷದ ಹುಡುಗನ ಕೈಗೆ ದೊಡ್ಡ ಸಲಿಕೆ ಕೊಟ್ಟಂಗೆ. ಪ್ಯಾಡಲ್ಲೇ ಬೇಕು ಅನ್ನುವವರು ಹಲಗೆ ಅರ್ಧ ಇಂಚಿನ ಆಸುಪಾಸು ಇರುವ, ಸಂಖ್ಯೆಯಲ್ಲಿ ಕಮ್ಮಿ ಇರುವ, ಹಗುರವಾದದ್ದು ಹುಡುಕಬೇಕು. ಅದೂ ಹಿಂದಿನ ಗಾಲಿಗೆ ಮಾತ್ರ. ಗಟ್ಟಿ ದಾರಿಯಲ್ಲಿ ಅದು ಬೇಗ ಸವೆಯುತ್ತದೆ, ಮೈಯೆಲ್ಲಾ ನಡುಗಿಸುತ್ತದೆ ಅನ್ನುವುದು ನೆನಪಿರಲಿ.

ರಾಜಸ್ಥಾನದ ಕಡೆ ಒಂಟೆ ಗಾಡಿಗಳಿಗೆ ವಿಮಾನದ ಹಳೇ ಟೈರು ಹಾಕುತ್ತಾರೆ. ಅಗಲ, ಮೈ ನುಣುಪು, ಹಲ್ಲಿನ ಮಾತೇ ಇಲ್ಲ. ಹೂಳದೆ ಮೇಲೇ ಉರುಳುತ್ತವೆ. ಒಂಟೆಯ ಪಾದವೂ ಹಾಗೇ, ಅಗಲ ಮತ್ತು ಮೆತ್ತಗೆ. ಮರುಭೂಮಿಯ ರೈತ ಪ್ರಾಣಿಯನ್ನು ನೋಡಿ ಗಾಲಿ ಆರಿಸಿದ. ನಮ್ಮ ಹಿರಿಯರೂ ಕಬ್ಬಿಣದ ಪಟ್ಟಿಯ ಸಣ್ಣ ಗಾಲಿ ಬಿಟ್ಟು ಟೈರು ಬಂಡಿಗೆ ಬಂದದ್ದು ಹೊಳೆ ದಾಟುವಾಗ ಎತ್ತಿನ ಉಸಿರು ಉಳಿಯಲಿ ಅಂತಲೇ. ಒಂದು ವ್ಯತ್ಯಾಸ ಮಾತ್ರ ಉಂಟು. ಗಾಡಿಯ ಗಾಲಿ ಎಳೆಸಿಕೊಳ್ಳುತ್ತದೆ, ಎಟಿವಿಯ ಹಿಂದಿನ ಗಾಲಿ ತಾನೇ ತಳ್ಳಬೇಕು. ಆದ್ದರಿಂದ ಹಿಂದೆ ಸ್ವಲ್ಪ ಹಿಡಿತ ಬೇಕು. ಹಿಂದೆ ತಗ್ಗು ಹಲ್ಲಿನ ಅಗಲ ಟೈರು. ಮುಂದೆ ನುಣುಪಾದದ್ದು, ಇಲ್ಲವೇ ಟ್ರ್ಯಾಕ್ಟರಿನ ಮುಂಗಾಲಿಯಂತೆ ಸುತ್ತಾ ಪಟ್ಟಿ ಇರುವುದು. ಪಟ್ಟಿ ಇದ್ದರೆ ಹ್ಯಾಂಡಲ್ ತಿರುವಿದ ಕಡೆಗೆ ಬಂಡಿ ತಿರುಗುತ್ತದೆ.

ಅಂಕಿಯ ಲೆಕ್ಕ

ಟೈರಿನ ಮೈಮೇಲೆ ಅಂಕಿ ಬರೆದಿರುತ್ತಾರೆ. 16×8-7 ಅಂತಿದ್ದರೆ ಎತ್ತರ 16 ಇಂಚು, ಅಗಲ 8 ಇಂಚು, ಒಳಗಿನ ರಿಮ್ಮು 7 ಇಂಚು. ಅಳಿಯನ ಬಂಡಿಗೆ ಇದ್ದದ್ದು ಇದು. ಅಂಗಡಿಯಾತ ಕೊಟ್ಟದ್ದು 18 ಇಂಚು ಎತ್ತರದ್ದು. ಎರಡೇ ಇಂಚು ತಾನೆ ಅನ್ನಬೇಡಿ. ಗಾಲಿ ಎತ್ತರವಾದರೆ ಒಂದು ಸುತ್ತಿಗೆ ದೂರ ಹೆಚ್ಚು, ಆದರೆ ನೆಲಕ್ಕೆ ಬೀಳುವ ತಳ್ಳು ಕಮ್ಮಿ. ಹದಿನಾರರಿಂದ ಹದಿನೆಂಟಕ್ಕೆ ಹೋದರೆ ಒಂಬತ್ತರಲ್ಲಿ ಒಂದು ಪಾಲು ತಳ್ಳು ಹೋಯಿತು. ಮೊದಲೇ ಏಳು ಎಚ್‌ಪಿ, ಅದರಲ್ಲಿ ಹೀಗೆ ಕಳೆದುಕೊಂಡರೆ ಹೇಗೆ? ಅನಿವಾರ್ಯವಾಗಿ ಎತ್ತರದ್ದು ಹಾಕಿದರೆ ಹಿಂದಿನ ಚೈನ್ ಚಕ್ರವನ್ನೂ ದೊಡ್ಡದು ಮಾಡಬೇಕು. 37 ಹಲ್ಲಿನ ಚಕ್ರ ಇದ್ದರೆ 41 ಅಥವಾ 42 ಹಲ್ಲಿನದು. ಅದಕ್ಕಿಂತ ಎತ್ತರವನ್ನು ಇದ್ದಷ್ಟೇ ಇಟ್ಟು, ಗಾಲಿ ಮೇಲಿನ ಕವಚಕ್ಕೆ ತಾಗದಷ್ಟು ಅಗಲ ನೋಡಿಕೊಳ್ಳುವುದು ಸುಲಭ. ಟೈರು ಕೈಯಲ್ಲಿ ಎತ್ತಿ ನೋಡಿ. ತೂಕದ ಗಾಲಿಯನ್ನು ತಿರುಗಿಸುವುದಕ್ಕೂ ಇಂಜಿನ್ನೇ ದುಡಿಯಬೇಕು.

ಎಲ್ಲಕ್ಕಿಂತ ದೊಡ್ಡ ಸಂಗತಿ ಗಾಳಿ. ಇದಕ್ಕೆ ದುಡ್ಡೂ ಬೇಕಾಗಿಲ್ಲ. ಬಂಡಿ ನೂರು ಕಿಲೋ, ಹುಡುಗ ಅರವತ್ತೈದು, ಹಾಲು ಮತ್ತು ಕ್ಯಾನು ನಲವತ್ತು ಅಂತ ಇಟ್ಟುಕೊಳ್ಳಿ. ಒಟ್ಟು 205 ಕಿಲೋ. ಹತ್ತು ಪೌಂಡು ಗಾಳಿ ಇದ್ದರೆ ಒಂದೊಂದು ಗಾಲಿ ನೆಲ ಮುಟ್ಟುವ ಜಾಗ ಸುಮಾರು 73 ಚದರ ಸೆಂಟಿಮೀಟರು, ಒಂದು ರೊಟ್ಟಿ ಚೂರಿನಷ್ಟು. ಮೂರು ಪೌಂಡಿಗೆ ಇಳಿಸಿದರೆ ಸುಮಾರು 240, ಅಂಗೈ ಎರಡನ್ನೂ ಪಕ್ಕದಲ್ಲಿ ಇಟ್ಟಷ್ಟು. ಟೈರಿನ ಗೋಡೆ ಗಡುಸಾಗಿದ್ದರೆ ಈ ಲೆಕ್ಕ ಅಷ್ಟಿಷ್ಟು ಆಚೀಚೆ ಆಗುತ್ತದೆ, ಆದರೆ ದಾರಿ ಇದೇ. ನಾವು ಬರಿಗಾಲಲ್ಲಿ ನಡೆಯುವಾಗ ಒಂಟಿ ಪಾದದ ಮೇಲೆ ಬೀಳುವ ಒತ್ತಡ ಮೂರು ಪೌಂಡಿಗಿಂತ ಹೆಚ್ಚು. ಅಂದರೆ ಗಾಳಿ ಇಳಿಸಿದ ಬಂಡಿ ನಮ್ಮ ಪಾದಕ್ಕಿಂತ ಹಗುರವಾಗಿ ಉಸುಕನ್ನು ಮುಟ್ಟುತ್ತದೆ! 1930ರ ಆಸುಪಾಸಿನಲ್ಲಿ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಲಿಬಿಯಾದ ಮರುಭೂಮಿಯನ್ನು ಫೋರ್ಡ್ ಕಾರುಗಳಲ್ಲಿ ದಾಟಿದ್ದು ಟೈರಿನ ಗಾಳಿ ಇಳಿಸುವ ಈ ಉಪಾಯದಿಂದಲೇ.

ಆದರೆ ಪಂಕ್ಚರ್ ಅಂಗಡಿಯ ಗೇಜಿನಲ್ಲಿ ಮೂರು ಪೌಂಡು ಕಾಣುವುದಿಲ್ಲ. ಅದು ಲಾರಿ, ಟ್ರ್ಯಾಕ್ಟರಿಗೆ ಮಾಡಿದ್ದು, ಮುಳ್ಳು ಅಲುಗುವುದೇ ಇಲ್ಲ. ಸಣ್ಣ ಒತ್ತಡ ತೋರಿಸುವ ಗೇಜು ಬೇರೆ ಸಿಗುತ್ತದೆ. ಹೊಸ ಟೈರಿಗಿಂತ ಮೊದಲು ಅದನ್ನು ಕೊಳ್ಳಿ. ಸೈಕಲ್ ಪಂಪೊಂದು ಬಂಡಿಗೆ ಕಟ್ಟಿರಲಿ. ಮೂರರಿಂದ ನಾಲ್ಕು ಪೌಂಡು ನಮ್ಮ ಹಗರಿಗೆ ಸರಿಹೋಯಿತು. ಎರಡಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಗಟ್ಟಿ ದಾರಿಗೆ ಬಂದ ಮೇಲೆ ಮತ್ತೆ ತುಂಬಬೇಕು. ನನ್ನದೊಂದು ಹಳ್ಳಿ ಅಳತೆಯೂ ಉಂಟು. ಗಾಲಿಯ ಗುರುತಿನಲ್ಲಿ ಬೆರಳು ಇಡಿ. ಒಂದು ಗೆಣ್ಣು ಆಳ ಇದ್ದರೆ ಸರಿ, ಎರಡು ಗೆಣ್ಣು ದಾಟಿದರೆ ಇನ್ನೂ ಗಾಳಿ ಇಳಿಸಬೇಕು, ಇಲ್ಲವೇ ಹೇರು ಇಳಿಸಬೇಕು.

ಕೊನೆಗೆ ನಾವು ಮಾಡಿದ್ದು ಇದು. ಪ್ಯಾಡಲ್ ಬಿಚ್ಚಿ ಮೂಲೆಗೆ ಹಾಕಿದೆವು. ಮೊದಲಿನ ಅಳತೆಯದೇ ತಗ್ಗು ಹಲ್ಲಿನ ಎರಡು ಟೈರು ಹುಡುಕಿ ಹಿಂದಕ್ಕೆ ಹಾಕಿದೆವು. ಬೋಳಾಗಿದ್ದ ಮುಂದಿನವು ಹಾಗೇ ಉಳಿದವು. ಸವೆದ ಟೈರು ಉಸುಕಿಗೆ ದೋಷವಲ್ಲ, ಗುಣ. ನಿಂತಾಗ ರಪ್ಪನೆ ಆಕ್ಸಿಲೇಟರು ತಿರುವದೆ ಮೆಲ್ಲಗೆ ಹೊರಡುವುದು, ನಡುವೆ ನಿಲ್ಲಿಸದಿರುವುದು, ನಿಲ್ಲಿಸಲೇಬೇಕಾದರೆ ಬ್ರೇಕು ಒತ್ತದೆ ತಾನೇ ನಿಲ್ಲಲು ಬಿಡುವುದು, ಮೂತಿ ಇಳಿಜಾರಿಗೆ ಇರುವಂತೆ ನಿಲ್ಲಿಸುವುದು, ಇಷ್ಟನ್ನು ಹುಡುಗ ಒಂದು ವಾರದಲ್ಲಿ ಕಲಿತ. ಹೂತರೆ ಇಂಜಿನ್ನು ಕೂಗಿಸುವುದಿಲ್ಲ. ಇಳಿದು ಗಾಲಿಯ ಮುಂದಿನ ಉಸುಕು ಕೈಯಿಂದ ಬಾಚುತ್ತಾನೆ. ಗಾಳಿ ಸೋಸುವ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯುತ್ತಾನೆ.

ದಿಬ್ಬದ ಹುಲ್ಲು

ಇಲ್ಲಿಯವರೆಗೆ ಹೇಳಿದ್ದು ಬಂಡಿಯ ಲಾಭ ನಷ್ಟ. ನನಗೆ ಹೆಚ್ಚು ಚಿಂತೆ ಆಗಿರುವುದು ಹೊಲದ್ದು. ಅಳಿಯ ಪ್ಯಾಡಲ್ ಟೈರು ಹಾಕಿಕೊಂಡು ಒದ್ದಾಡಿದ ಆ ಎಂಟೊಂಬತ್ತು ದಿನಗಳಲ್ಲಿ ದಂಡೆಯ ದಿಬ್ಬದ ಮೇಲೆ ಹುಲ್ಲು ಕಿತ್ತು ಒಂದು ಸೀಳು ಬಿತ್ತು. ಎರಡು ಮೊಳ ಅಗಲ. ಆಮೇಲೆ ಆಷಾಢ ಬಂತು. ಗಾಳಿ ಆ ಸೀಳಿನಲ್ಲೇ ಬಾಯಿ ಹಾಕಿತು. ಶ್ರಾವಣದ ಹೊತ್ತಿಗೆ ಪಕ್ಕದವರ ಶೇಂಗಾ ಹೊಲದ ಬದುವಿನ ಮೇಲೆ ಹೊಸ ಉಸುಕು ಕೂತಿತ್ತು. ಆ ರೈತ ತೆಲುಗಿನವರು, ನನಗಿಂತ ಹಿರಿಯರು. ಬೈಯಲಿಲ್ಲ. "ಗಡ್ಡಿ ಪೋತೇ ಚೇನು ಪೋಯಿನಟ್ಟೇ ಕದಾ" ಅಂದರು. ಹುಲ್ಲು ಹೋದರೆ ಹೊಲ ಹೋದಂಗೇ ಅಲ್ಲವಾ ಅಂತ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಳಿಯನೂ ನಾನೂ ಹೋಗಿ ಮುಳ್ಳುಕಂಟಿ ಕಡಿದು ಆ ಸೀಳಿಗೆ ಅಡ್ಡ ಹೂತು ಬಂದೆವು.

ಉಸುಕಿನ ಕಣ ಗಾಳಿಗೆ ಕುಪ್ಪಳಿಸುತ್ತಾ ಹೋಗುತ್ತದೆ. ಒಂದು ಕಣ ಬಿದ್ದು ಇನ್ನೊಂದನ್ನು ಎಬ್ಬಿಸುತ್ತದೆ. ಆ ಕುಪ್ಪಳಿಕೆ ತಡೆಯುವುದು ಹುಲ್ಲು, ಕಂಟಿ, ಬೇರು. ನಾವು ಎಷ್ಟು ಬೈದರೂ ಸರ್ಕಾರಿ ಜಾಲಿ ಕೂಡ ಆ ಕೆಲಸ ಮಾಡುತ್ತಿದೆ. ತೋಡುವ ಟೈರು ಒಂದು ಬಂಡಿಗೆ ಬಂದರೆ ಒಂದು ಸೀಳು, ಊರಿಗೆ ಹತ್ತು ಬಂಡಿ ಬಂದರೆ ಹತ್ತು ಸೀಳು. ಹಂಗಾಗಿ ಟೈರಿನ ಆಯ್ಕೆ ಕೊಳ್ಳುವವನೊಬ್ಬನ ಮರ್ಜಿ ಅಂತ ನಾನು ಒಪ್ಪುವುದಿಲ್ಲ. ದಂಡೆಯ ದಿಬ್ಬದ ಮೇಲೆ ಊರಿನ ಎಲ್ಲರೂ ಒಂದೇ ಜಾಡಿನಲ್ಲಿ ಹೋಗಬೇಕು, ಹುಲ್ಲಿನ ಮೇಲೆ ಹತ್ತಬಾರದು, ಇಂಚಿನ ಹಲಗೆಯ ಟೈರು ಹಾಕಬಾರದು ಅಂತ ಊರವರೇ ಕೂತು ಕಟ್ಟು ಮಾಡಿಕೊಳ್ಳುವುದು ಒಳ್ಳೇದು.

"ಇಷ್ಟೆಲ್ಲ ಯಾಕೆ, ದೊಡ್ಡ ಇಂಜಿನ್ನಿಂದು ತಗೊಂಡ್ರೆ ಆಯ್ತು" ಅನ್ನುವವರು ಇದ್ದಾರೆ. ದೊಡ್ಡದು ಅಂದರೆ ತೂಕ ಹೆಚ್ಚು, ಪೆಟ್ರೋಲು ಹೆಚ್ಚು, ಸಾಲವೂ ಹೆಚ್ಚು. ಎರಡು ಎಮ್ಮೆಯ ಹಾಲಿಗೆ ಅದು ತಾಳುವುದಿಲ್ಲ. "ಟೈರಿನ ಮಾತು ಬಿಡು, ರಸ್ತೆ ಕೇಳು" ಅನ್ನುವವರೂ ಇದ್ದಾರೆ. ಅವರ ಮಾತು ನಿಜ. ಟೈರು ರಸ್ತೆಗೆ ಬದಲಿ ಅಲ್ಲ. ಹೊಳೆಗೆ ಅಡ್ಡ ಒಂದು ಸಣ್ಣ ಕಟ್ಟುದಾರಿ ಆಗಲಿ ಅಂತ ಅರ್ಜಿ ಬರೆದವರಲ್ಲಿ ನಾನೂ ಒಬ್ಬ. ಆದರೆ ಎಮ್ಮೆ ಅರ್ಜಿಗೆ ಕಾಯುವುದಿಲ್ಲ, ಸಂಜೆಗೆ ಕರೆಯಲೇಬೇಕು.

ಇನ್ನೊಂದು ಎಚ್ಚರಿಕೆ. ಇಂಥ ಬಂಡಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ, ಡಾಂಬರು ರಸ್ತೆಗೆ ಇಳಿಸಬಾರದು. ಹೆಚ್ಚಿನವು ಒಬ್ಬರಿಗೇ ಮಾಡಿದವು. ಹಿಂದೆ ಹೆಂಡತಿ, ಮುಂದೆ ಮಗು ಅಂತ ಕೂರಿಸಿಕೊಂಡರೆ ದಂಡೆ ಹತ್ತುವಾಗ ಮಗುಚುತ್ತದೆ. ಹೆಲ್ಮೆಟ್ಟು ಉಸುಕಿನಲ್ಲೂ ಬೇಕು.

ಕೊನೆಗೆ ಎರಡು ಬೇಡಿಕೆ. ಮೊದಲನೆಯದು ಟೈರು ಮಾರುವವರಿಗೆ. ಗಿರಾಕಿಗೆ ಯಾವ ಟೈರು ಬೇಕು ಅಂತ ಕೇಳುವ ಮೊದಲು ಇಂಜಿನ್ನು ಎಷ್ಟರದು, ನೆಲ ಎಂಥದ್ದು, ಹೇರು ಎಷ್ಟು ಅಂತ ಕೇಳಿ. ಎರಡನೆಯದು ಕೃಷಿ ಇಲಾಖೆಯವರಿಗೆ. ಎಟಿವಿಗೆ ಹೇಳಿದ ಮಾತೇ ಸಣ್ಣ ಟ್ರ್ಯಾಕ್ಟರಿಗೂ ಪವರ್ ಟಿಲ್ಲರಿಗೂ ಬಹಳ ಮಟ್ಟಿಗೆ ಹೊಂದುತ್ತದೆ. ಉಸುಕಿನ ನೆಲಕ್ಕೆ ಎಂಥ ಗಾಲಿ, ಎಷ್ಟು ಗಾಳಿ ಅನ್ನುವುದನ್ನು ಒಂದೇ ಒಂದು ಹಾಳೆಯಲ್ಲಿ, ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ತೆಲುಗು ಅಚ್ಚು ಹಾಕಿ ಹಗರಿ ದಂಡೆಯ ಊರುಗಳಿಗೆ ಹಂಚಿ. ಅಳಿಯನ ಟೈರಿನ ಜೊತೆ ಬಂದ ಕಾಗದ ಇಂಗ್ಲಿಷಿನಲ್ಲಿತ್ತು. ಎಸ್ಸೆಸ್ಸೆಲ್ಸಿ ಓದಿದ ನಾನು ಶಬ್ದಕೋಶ ಹಿಡಿದು ಒಂದು ಸಂಜೆ ಕೂತೆ. ಕಮ್ಮಿ ಶಕ್ತಿಯ ಬಂಡಿಗೆ ಇದು ತಕ್ಕದ್ದಲ್ಲ ಅಂತ ಅದರಲ್ಲೇ ಬರೆದಿತ್ತು. ಎರಡು ಭಾಷೆ ಬಲ್ಲ ಊರಿಗೆ ಮೂರನೇ ಭಾಷೆಯಲ್ಲಿ ಹೇಳಿದ ಎಚ್ಚರಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ. ಕ್ಲಚ್ಚು ಸುಟ್ಟ ಮೇಲೆ ನನಗೆ ಅರ್ಥವಾಯಿತು.

ಈಗ ಅಳಿಯ ಬೆಳಿಗ್ಗೆ ಆರಕ್ಕೆ ಹೊಳೆ ದಾಟುತ್ತಾನೆ. ತಂಗಿ ಮನೆ ಜಗಲಿ ಮೇಲೆ ಕೂತು ಬಂಡಿಯ ಸದ್ದು ಕೇಳಿದ ಮೇಲೆ ಚಾಕ್ಕೆ ನೀರಿಡುತ್ತಾಳೆ. ಮೊನ್ನೆ ನಾನು ದಂಡೆಗೆ ಹೋಗಿ ಗಾಲಿಯ ಗುರುತಿನಲ್ಲಿ ಬೆರಳಿಟ್ಟು ನೋಡಿದೆ. ಒಂದು ಗೆಣ್ಣೂ ಇರಲಿಲ್ಲ.